ಅಪ್ಪಯ್ಯನ 214 ಕ್ಯಾಸೆಟ್‌ಗಳಿಗೆ ಯಾವ ಪ್ಲೇಯರ್ ಕೊಳ್ಳಲಿ?

ತೋಟದ_ಮನೆ:

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಕಡೆ, ನಾನಿರುವುದು ಬೆಂಗಳೂರಿನಲ್ಲಿ. ಅಪ್ಪಯ್ಯನಿಗೆ 74 ವರ್ಷ. ಈಗಲೂ ದಿನಕ್ಕೆ ನಾಲ್ಕು ಗಂಟೆ ಅಡಿಕೆ ತೋಟದಲ್ಲಿ ಕಳೆಯುತ್ತಾರೆ. ಬಟ್ಟೆ ಚೀಲದಲ್ಲಿ ಒಂದು ಟೇಪ್ ರೆಕಾರ್ಡರ್ ಹಾಕಿಕೊಂಡು ಹೋಗುವುದು ಮೂವತ್ತು ವರ್ಷದ ರೂಢಿ. ಅದಕ್ಕೆ ಮೂರು ಸಲ ಬೆಲ್ಟ್ ಹಾಕಿಸಿದ್ದಾಗಿದೆ, ಹೋದ ಮಳೆಗಾಲದಲ್ಲಿ ಮೋಟರ್ ಸುಟ್ಟು ಹೋಯಿತು. ರಿಪೇರಿ ಮಾಡುವವರೂ ಈಗಿಲ್ಲ.

ಮನೆಯಲ್ಲಿ 214 ಕ್ಯಾಸೆಟ್‌ಗಳಿವೆ. ದಾಸರ ಪದ, ಹಿಂದೂಸ್ತಾನಿ, ಭಾವಗೀತೆ, ತಾಳಮದ್ದಲೆ, ಒಂದಿಷ್ಟು ಹರಿಕಥೆ, ಹಳೆಯ ಸಿನಿಮಾ ಹಾಡು. ಅರ್ಧದಷ್ಟು ಕೊಂಡು ತಂದವು. ಉಳಿದವು ರೇಡಿಯೋದಿಂದಲೋ ಊರಿನ ಕಾರ್ಯಕ್ರಮಗಳಿಂದಲೋ ಅವರೇ ತುಂಬಿಸಿಕೊಂಡವು. ಎಲ್ಲವನ್ನೂ ಡಿಜಿಟಲ್ ಮಾಡಿ ಒಂದು ಸಣ್ಣ ಪ್ಲೇಯರ್‌ಗೆ ಹಾಕಿಕೊಡಬೇಕೆಂದಿದ್ದೇನೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕೈಯಲ್ಲಿ ಅಡಿಕೆ ಚೊಗರು ಮೆತ್ತಿಕೊಂಡಿರುತ್ತದೆ, ಕನ್ನಡಕ ಮನೆಯಲ್ಲಿರುತ್ತದೆ. ನನ್ನ ಮಿತಿ ಎಂಟು ಸಾವಿರ ರೂಪಾಯಿ. ಏನು ಕೊಳ್ಳಲಿ?

ಗಾಳಿಪಟ_88:

ಇಷ್ಟೆಲ್ಲ ಕಷ್ಟ ಯಾಕೆ? ಒಂದು ಸ್ಮಾರ್ಟ್‌ಫೋನ್ ಕೊಡಿಸಿ, ಯಾವುದಾದರೂ ಆ್ಯಪ್‌ಗೆ ಚಂದಾ ಕಟ್ಟಿ. ನೆಟ್‌ವರ್ಕ್ ಇಲ್ಲದಿದ್ದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಎಲ್ಲ ಹಾಡುಗಳೂ ಅಲ್ಲಿವೆ.

ತೋಟದ_ಮನೆ:

ನಮ್ಮೂರ ದೇವಸ್ಥಾನದಲ್ಲಿ 1987ರಲ್ಲಿ ನಡೆದ ತಾಳಮದ್ದಲೆ ಅಲ್ಲಿಲ್ಲ. ಅಪ್ಪಯ್ಯನಿಗೆ ಬೇಕಾದದ್ದು ಅದೇ.

ಹಳೆಯ_ಟೇಪು:

ತಮ್ಮ, ಪ್ಲೇಯರ್ ವಿಚಾರ ಆಮೇಲೆ ನೋಡೋಣ. ಮೊದಲು ಕ್ಯಾಸೆಟ್‌ಗಳನ್ನು ಬೆಳಕಿಗೆ ಹಿಡಿದು, ಕ್ಯಾಸೆಟ್ಟಿನ ಸಣ್ಣ ಕಿಟಕಿಯ ಮೂಲಕ ಸುರುಳಿಯ ಅಂಚು ನೋಡು. ಬಿಳಿ ಪುಡಿಯೋ ಜೇಡರ ಬಲೆಯಂಥದ್ದೋ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಮಲೆನಾಡಿನ ಮನೆಯಲ್ಲಿ ಹತ್ತರಲ್ಲಿ ಮೂರಕ್ಕಾದರೂ ಅದು ಇರುತ್ತದೆ ಎಂಬುದು ನನ್ನ ಅನುಭವ. ಅಂಥದ್ದನ್ನು ಒಳ್ಳೆಯ ಕ್ಯಾಸೆಟ್ ಡೆಕ್‌ಗೆ ಹಾಕಿದರೆ ಹೆಡ್ (ಟೇಪನ್ನು ಓದುವ ಭಾಗ), ರೋಲರ್ ಎಲ್ಲದಕ್ಕೂ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಬೂಷ್ಟಿನವನ್ನು ಬೇರೆ ಇಡು. ಕೆಲಸಕ್ಕೆ ಬಾರದ ಹಳೆಯ ಡೆಕ್ ಒಂದರಲ್ಲಿ ಆ ಕೊನೆಯಿಂದ ಈ ಕೊನೆಗೆ ಎರಡು ಸಲ ಸುತ್ತಿಸು, ಹೊರಗೆ ಗಾಳಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡ.

ಎರಡನೆಯದು, ಪೇಟೆಯಲ್ಲಿ ಸಿಗುವ ಯುಎಸ್‌ಬಿ ಕ್ಯಾಸೆಟ್ ಪರಿವರ್ತಕಗಳನ್ನು ಕೊಳ್ಳಬೇಡ. ಸಾವಿರ ರೂಪಾಯಿಯ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶ್ರುತಿಯೇ ಅಲುಗಾಡುತ್ತದೆ, ತಂಬೂರಿ ಕೇಳಿದರೆ ಹೊಟ್ಟೆ ತೊಳಸುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ದೊಡ್ಡ ಡೆಕ್ ಇದ್ದೇ ಇರುತ್ತದೆ, ಅದನ್ನು ಕೇಳಿ ತಂದು ಬೆಲ್ಟ್ ಬದಲಿಸು. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸು. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಕಾಣುತ್ತದೆ. ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ತಾಳದ ದನಿ ಅತಿ ಮೊನಚಾಗಿ ಕೇಳುವಲ್ಲಿ ನಿಲ್ಲಿಸಬೇಕು. ನಿಮ್ಮ ತಂದೆಯವರು ತಾವೇ ತುಂಬಿಸಿದ ಕ್ಯಾಸೆಟ್‌ಗಳಿಗೆ ಇದು ಇನ್ನೂ ಮುಖ್ಯ. ತುಂಬಿಸಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ಅಷ್ಟೇ ವಾಲಿಕೆ ಟೇಪಿನಲ್ಲೂ ಕೂತಿರುತ್ತದೆ. ಇದನ್ನು ಬಿಟ್ಟು ಆಮೇಲೆ ಕಂಪ್ಯೂಟರಿನಲ್ಲಿ ‘ಸ್ಪಷ್ಟ’ ಮಾಡಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತೋಟದ_ಮನೆ:

ಸರ್, ತುಂಬಾ ಉಪಕಾರವಾಯಿತು. ನಿಜ ಹೇಳಬೇಕೆಂದರೆ ಕಳೆದ ತಿಂಗಳು ಪಟ್ಟಣದ ಒಂದು ಅಂಗಡಿಗೆ ಹತ್ತು ಕ್ಯಾಸೆಟ್ ಕೊಟ್ಟಿದ್ದೆ. 64 ಕೆಬಿಪಿಎಸ್, ಅಂದರೆ ತೀರಾ ಕುಗ್ಗಿಸಿದ ಎಂಪಿ3 ಮಾಡಿಕೊಟ್ಟಿದ್ದಾರೆ. ಸದ್ದು ಕಡಿಮೆ ಮಾಡುತ್ತೇವೆಂದು ಸ್ವರಮಂಡಲವನ್ನೂ ಅಳಿಸಿದ್ದಾರೆ. ಎರಡಕ್ಕೆ ಬರೀ ‘ಟ್ರ್ಯಾಕ್ 1’ ಎಂದು ಹೆಸರು.

ಅಕ್ಷರಜೋಡಣೆ:

ಲೆಕ್ಕ ಹಾಕಿ ನೋಡೋಣ. 214ರಲ್ಲಿ 60 ಕ್ಯಾಸೆಟ್ 90 ನಿಮಿಷದವು, ಉಳಿದ 154 ಒಂದು ಗಂಟೆಯವು ಎಂದಿಟ್ಟುಕೊಂಡರೆ ಒಟ್ಟು 244 ಗಂಟೆ. ಟೇಪು ಓಡುವಷ್ಟೇ ಹೊತ್ತು ಕಂಪ್ಯೂಟರಿಗೂ ಬೇಕು, ಅಡ್ಡದಾರಿ ಇಲ್ಲ. ದಿನಕ್ಕೆ ಎರಡು ಗಂಟೆಯಂತೆ ನಾಲ್ಕು ತಿಂಗಳು. ಒಮ್ಮೆ ಮಾತ್ರ ಮಾಡುವ ಕೆಲಸವಾದ್ದರಿಂದ ಸಿ.ಡಿ. ಮಟ್ಟದಲ್ಲಿ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ತೆಗೆದು ಫ್ಲ್ಯಾಕ್ (ದನಿಯಲ್ಲಿ ಏನೂ ಕಳೆಯದೆ ಕುಗ್ಗಿಸುವ ಕಡತ) ಆಗಿ ಇಟ್ಟುಕೊಳ್ಳಿ. ಕುಗ್ಗಿಸದೆ ಇಟ್ಟರೆ ಗಂಟೆಗೆ 635 ಎಂಬಿ, ಫ್ಲ್ಯಾಕ್ ಆದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಒಟ್ಟು ಸುಮಾರು 90 ಜಿಬಿ ಆಗಬಹುದು. ಈ ಮೂಲಪ್ರತಿಯನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿಡಿ, ಒಂದು ಊರಿನಲ್ಲಿ, ಒಂದು ನಿಮ್ಮಲ್ಲಿ.

ತೋಟಕ್ಕೆ ಒಯ್ಯುವ ಪ್ರತಿ ಎಂಪಿ3 ಆಗಿರಲಿ. 128 ಕೆಬಿಪಿಎಸ್ ಎಂದರೆ ಗಂಟೆಗೆ 58 ಎಂಬಿಗಿಂತ ತುಸು ಕಡಿಮೆ, ಎಲ್ಲ ಸೇರಿ 14 ಜಿಬಿ. 32 ಜಿಬಿ ಕಾರ್ಡಿನಲ್ಲಿ ಅರ್ಧ ಖಾಲಿ ಉಳಿಯುತ್ತದೆ. ಟೇಪಿನ ಉಸಿರಾಟದ ನಡುವೆ 128ಕ್ಕೂ 320ಕ್ಕೂ ವ್ಯತ್ಯಾಸ ಹೇಳಬಲ್ಲ ಕಿವಿ ನನ್ನದಂತೂ ಅಲ್ಲ. ಕಾರ್ಡು ಕೊಂಡ ದಿನವೇ ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶ ಓಡಿಸಿ ಪರೀಕ್ಷಿಸಿ. 32 ಎಂದು ಬರೆದು 8 ಇರುವ ನಕಲಿ ಕಾರ್ಡುಗಳು ಬೇಕಾದಷ್ಟಿವೆ. ತುಂಬಿದ ಮೇಲೆ ಹಳೆಯ ಹಾಡಿನ ಮೇಲೆಯೇ ಹೊಸ ಹಾಡು ಬರೆದುಕೊಳ್ಳುತ್ತವೆ.

ಸಾಧನಕೇರಿ:

ಎಂಟು ಸಾವಿರದ ಮಿತಿ ಸ್ವಲ್ಪ ಸಡಿಲಿಸಬಹುದೇ? ಸೋನಿಯ ಎ300 ಸರಣಿಯ ವಾಕ್‌ಮನ್ ನನ್ನ ಬಳಿ ಇದೆ. ಆಂಡ್ರಾಯ್ಡ್ ಇರುವುದರಿಂದ ಕನ್ನಡ ಒಂದು ಒತ್ತೂ ತಪ್ಪದೆ ಕಾಣುತ್ತದೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಎಂದು ನಮ್ಮ ಲಿಪಿಯಲ್ಲೇ ಓದುವ ಸುಖ ಬೇರೆ. ದನಿಯ ಬಗ್ಗೆ ಹೇಳುವುದೇ ಬೇಡ.

ತೋಟದ_ಮನೆ:

ಬೆಲೆ ನೋಡಿದೆ. ಅಪ್ಪಯ್ಯನಿಗೆ ಹೇಳಿದರೆ ಅಷ್ಟು ಹಣಕ್ಕೆ ಒಂದು ಕರುವೇ ಬರುತ್ತದೆ ಎನ್ನುತ್ತಾರೆ. ಅದೂ ಟಚ್ ಸ್ಕ್ರೀನೇ ಅಲ್ಲವೇ? ನನ್ನದೊಂದು ಹಳೆಯ ಐಪಾಡ್ ಕೊಟ್ಟು ನೋಡಿದ್ದೆ. ಅದರ ಚಕ್ರಕ್ಕೂ ಚೊಗರಿನ ಕೈಗೂ ಆಗಿ ಬರಲಿಲ್ಲ. ಬೆರಳು ತಿರುಗಿಸಿದರೆ ಒಮ್ಮೆ ಏನೂ ಆಗದು, ಮತ್ತೊಮ್ಮೆ ಮೂವತ್ತು ಹಾಡು ಹಾರುತ್ತದೆ.

ಬಡಗುತಿಟ್ಟು:

ಮಾರಾಯರೇ, ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ: ಒತ್ತುಗುಂಡಿಯ ಸಾದಾ ಮೊಬೈಲು, ಅದರಲ್ಲಿ ಮೆಮೊರಿ ಕಾರ್ಡು. ಸಾವಿರದ ಐನೂರು ರೂಪಾಯಿ, ಸ್ಪೀಕರ್ ಅದರಲ್ಲೇ ಇರುತ್ತದೆ, ಬ್ಯಾಟರಿ ಮೂರು ದಿನ. ತಂದೆಯವರಿಗೆ ಗುಂಡಿ ಹೇಗೂ ಪರಿಚಿತ. ನೀರಿಗೆ ಬಿದ್ದರೂ ಎದೆಯೊಡೆಯುವುದಿಲ್ಲ.

ಒಂದೇ ಎಚ್ಚರಿಕೆ: ತಾಳಮದ್ದಲೆಯನ್ನು ಪದಕ್ಕೊಂದು ಅರ್ಥಕ್ಕೊಂದು ಎಂದು ತುಂಡು ಮಾಡಬೇಡಿ. ಭಾಗವತರ ಪದ ಮುಗಿಯುತ್ತಲೇ ಅರ್ಥಧಾರಿ ಮಾತು ಎತ್ತಿಕೊಳ್ಳುವ ಜಾಗವಿದೆಯಲ್ಲ, ಅಲ್ಲೇ ಅದರ ಜೀವ. ಎಂಪಿ3 ಮಾಡುವಾಗ ಕಡತದ ತಲೆಗೂ ಬಾಲಕ್ಕೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅಗ್ಗದ ಪ್ಲೇಯರ್‌ಗಳು ಅದನ್ನು ಹಾಗೆಯೇ ನುಡಿಸುವುದರಿಂದ ಪ್ರತಿ ತುಂಡಿನ ನಡುವೆ ಎಡವಿದಂತಾಗುತ್ತದೆ. ಒಂದು ಬದಿಗೆ ಒಂದೇ ಕಡತ ಇಟ್ಟರೆ ಈ ರಗಳೆಯೇ ಇಲ್ಲ.

ಸಾಧನಕೇರಿ:

ಒಂದು ಬದಿಗೆ ಒಂದೇ ಕಡತವೇ? ಹಾಗಾದರೆ ಹುಡುಕುವುದು ಹೇಗೆ? ಸಂಗ್ರಹ ಎಂದ ಮೇಲೆ ಹಾಡಿಗೊಂದು ಕಡತ, ಕಡತಕ್ಕೊಂದು ಪೂರ್ತಿ ವಿವರಪಟ್ಟಿ ಬೇಡವೇ? ನಾನು ಪ್ರತಿಯೊಂದಕ್ಕೂ ಗಾಯಕ, ರಾಗ, ತಾಳ, ತಬಲಾ, ಹಾರ್ಮೋನಿಯಂ, ವರ್ಷ ಎಲ್ಲವನ್ನೂ ತುಂಬಿಸುತ್ತೇನೆ. ಫ್ಲ್ಯಾಕ್‌ನಲ್ಲಿ ನಮಗೆ ಬೇಕಾದ ಹೆಸರಿನ ಅಂಕಣ ಮಾಡಿಕೊಳ್ಳಬಹುದು. ‘ರಾಗ’ ಎಂದೇ ಒಂದು ಅಂಕಣ, ‘ಪದ್ಧತಿ’ ಎಂದು ಇನ್ನೊಂದು. ಈ ಎರಡನೆಯದು ಯಾಕೆ ಬೇಕೆಂದರೆ, ಹಿಂದೂಸ್ತಾನಿಯ ಮಾಲಕೌಂಸ್ ಕರ್ನಾಟಕ ಸಂಗೀತದಲ್ಲಿ ಹಿಂದೋಳ. ಹಿಂದೂಸ್ತಾನಿಯಲ್ಲಿ ಹಿಂದೋಲ ಎಂಬುದು ಬೇರೆಯೇ ರಾಗ. ತೋಡಿ ಎರಡೂ ಕಡೆ ಇದೆ, ಸ್ವರಗಳು ಒಂದಲ್ಲ. ಪದ್ಧತಿ ಬರೆಯದೆ ರಾಗ ಮಾತ್ರ ಬರೆದರೆ ಹುಡುಕುವಾಗ ಮೈಸೂರೂ ಧಾರವಾಡವೂ ಒಂದೇ ಬುಟ್ಟಿಗೆ ಬೀಳುತ್ತವೆ.

ಮ್ಯೂಸಿಕ್‌ಬ್ರೈನ್ಸ್ ದತ್ತಸಂಗ್ರಹದಲ್ಲಿ ಕೃತಿಗಳಿಗೆ ರಾಗ, ತಾಳ ಸೇರಿಸಲು ಅವಕಾಶವಿದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು ಕಾಂಪ್‌ಮ್ಯೂಸಿಕ್ ಎಂಬ ಯೋಜನೆಯಲ್ಲಿ ನಮ್ಮ ಎರಡೂ ಸಂಗೀತ ಪದ್ಧತಿಗಳ ಧ್ವನಿಮುದ್ರಣಗಳನ್ನು ಹೀಗೆ ಅಚ್ಚುಕಟ್ಟಾಗಿ ಜೋಡಿಸಿದರು. ಅಷ್ಟು ದೂರದವರು ಮಾಡಿದ ಕೆಲಸವನ್ನು ನಾವು ನಮ್ಮ ಮನೆಯ ಕಪಾಟಿಗೂ ಮಾಡಬಾರದೇ?

ಇನ್ನೊಂದು ಮಾತು. ತಂದೆಯವರು ಸೆಲ್ಲು ಇಳಿದಿರುವಾಗ ತುಂಬಿಸಿದ ಕ್ಯಾಸೆಟ್ ಇದ್ದರೆ ಅದು ಈಗ ವೇಗವಾಗಿ ಓಡುತ್ತದೆ. ಪಾಂಢರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆ) ಹಾಡಿದ್ದು ಕಾಳಿ ಒಂದಕ್ಕೆ (ಅದರ ಪಕ್ಕದ ಕಪ್ಪು ಮನೆ) ಏರಿ ಕೇಳಿಸೀತು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು ಸುಮಾರು ಶೇ 6ರಷ್ಟು ತಗ್ಗಿಸಿದರೆ ಆ ಅರ್ಧ ಸ್ವರ ಕೆಳಗಿಳಿಯುತ್ತದೆ.

ಅಕ್ಷರಜೋಡಣೆ:

ವಿವರಪಟ್ಟಿ ಕನ್ನಡದಲ್ಲಿ ತುಂಬಿಸುವವರಿಗೆ ನನ್ನ ಎರಡು ವರ್ಷದ ಗೋಳನ್ನು ಹೇಳುತ್ತೇನೆ.

ಎಂಪಿ3ಯ ಐಡಿ3 ಎಂಬ ವಿವರಪಟ್ಟಿಯ ಮೊದಲ ಆವೃತ್ತಿ 1996ರದ್ದು. ಕಡತದ ಬಾಲದಲ್ಲಿ 128 ಬೈಟ್, ಅದರಲ್ಲಿ ಹಾಡಿನ ಹೆಸರಿಗೆ 30. ಎರಡೇ ಅಕ್ಷರದ ‘ಲಕ್ಷ್ಮೀ’ ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ 21 ಬೈಟ್ ನುಂಗುತ್ತದೆ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಆ ಆವೃತ್ತಿಗೆ ಗೊತ್ತೂ ಇಲ್ಲ, ಹಾಗಾಗಿ ಹಳೆಯ ಕಾರ್ ಸ್ಟೀರಿಯೋಗಳಲ್ಲಿ ಕನ್ನಡ ಎಂದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎರಡನೆಯ ಆವೃತ್ತಿ ಬಂದ ಮೇಲೆ ಈ ತೊಂದರೆ ತೀರಿತು. ಎಂಪಿ3ಟ್ಯಾಗ್ ಎಂಬ ಪಟ್ಟಿ ತುಂಬಿಸುವ ತಂತ್ರಾಂಶದಲ್ಲಿ 2.3, ಯುಟಿಎಫ್-16 ಎಂದು ಆರಿಸಿಕೊಂಡರೆ ಹೆಚ್ಚಿನ ಪ್ಲೇಯರ್‌ಗಳು ಓದುತ್ತವೆ. ಓದುತ್ತವೆ ಎಂದೆ, ತೋರಿಸುತ್ತವೆ ಎನ್ನಲಿಲ್ಲ. ಫಾಂಟ್ ಇಲ್ಲದವು ಚೌಕ ತೋರಿಸುತ್ತವೆ. ಫಾಂಟ್ ಇದ್ದು ಒತ್ತಕ್ಷರ ಜೋಡಿಸಲು ಬಾರದವು ‘ಮಲ್ಲಿಕಾರ್ಜುನ’ನನ್ನು ಕೈಕಾಲು ಮುರಿದು ಮಲಗಿಸುತ್ತವೆ.

ಇದಕ್ಕಿಂತ ದೊಡ್ಡ ತಲೆನೋವು ಮ್ಯಾಕ್‌ನಿಂದ ಬಂತು. ಅದರ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಬರೆದುಕೊಳ್ಳುತ್ತಿತ್ತು. ‘ಜೋಶಿ’ ಎಂಬುದು ನಾವು ಟೈಪಿಸಿದಾಗ ನಾಲ್ಕು ಸಂಕೇತ. ಅಲ್ಲಿ ಓತ್ವವನ್ನು ಮೂರು ತುಂಡು ಮಾಡಿ ಆರಾಗುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಮನುಷ್ಯರು. ನನ್ನ ಲಿನಕ್ಸ್ ಯಂತ್ರದಲ್ಲಿ ಹಲವು ತಿಂಗಳು ಇಬ್ಬರು ಜೋಶಿಯವರು ಅಕ್ಕಪಕ್ಕದಲ್ಲಿ ವಾಸವಾಗಿದ್ದರು. ಒಬ್ಬರನ್ನು ಹುಡುಕಿದರೆ ಇನ್ನೊಬ್ಬರು ಸಿಗುತ್ತಿರಲಿಲ್ಲ. ಇನ್ನೊಂದು: ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಕನ್ನಡಕ್ಕೆ ಅದು 85 ಸಂಕೇತಗಳಷ್ಟೇ. ಸಾಧನಕೇರಿಯವರು ತಬಲಾ, ಹಾರ್ಮೋನಿಯಂ ಎಲ್ಲವನ್ನೂ ಹೆಸರಿನಲ್ಲೇ ತುರುಕಿದರೆ ನಕಲು ಅರ್ಧದಲ್ಲೇ ನಿಲ್ಲುತ್ತದೆ.

ಬಡಗುತಿಟ್ಟು:

ಅದೆಲ್ಲ ಇರಲಿ, ತಾಳಮದ್ದಲೆಗೆ ‘ಕಲಾವಿದ’ ಎಂಬ ಒಂದೇ ಖಾನೆಯಲ್ಲಿ ಯಾರನ್ನು ಕೂರಿಸುತ್ತೀರಿ? ಭಾಗವತರನ್ನೋ, ಅರ್ಥಧಾರಿಗಳನ್ನೋ? ಚೆಂಡೆ ಮದ್ದಲೆಯವರು ಎಲ್ಲಿ? ಪ್ರಸಂಗ ಬರೆದ ಕವಿಗಳು? ನಾನಂತೂ ಪ್ರಸಂಗದ ಹೆಸರನ್ನು ಆಲ್ಬಂ ಮಾಡಿ, ಭಾಗವತರನ್ನು ಕಲಾವಿದರನ್ನಾಗಿ ಇಟ್ಟು, ಅರ್ಥಧಾರಿಗಳನ್ನೆಲ್ಲ ಟಿಪ್ಪಣಿಗೆ ತಳ್ಳಿದ್ದೇನೆ. ಜನ ಅರ್ಥಧಾರಿಗಳ ಹೆಸರಿನಿಂದಲೇ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಗೊತ್ತಿದ್ದೂ ಮಾಡಿದ ಅನ್ಯಾಯ ಅದು.

ಗ್ರಂಥಪಾಲಕಿ:

ನಾನು ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಇಷ್ಟು ಹೊತ್ತು ಓದಿ ಒಂದು ಪ್ರಶ್ನೆ ಹುಟ್ಟಿತು, ಯಾರೂ ಕೇಳಲಿಲ್ಲವಾದ್ದರಿಂದ ಕೇಳುತ್ತೇನೆ. ತೋಟದ ಮನೆಯವರೇ, 214 ಕ್ಯಾಸೆಟ್‌ಗಳಲ್ಲಿ ಬೇಕಾದದ್ದನ್ನು ನಿಮ್ಮ ತಂದೆಯವರು ಇಷ್ಟು ವರ್ಷ ಹೇಗೆ ಹುಡುಕುತ್ತಿದ್ದರು?

ತೋಟದ_ಮನೆ:

ಮೇಡಂ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನಿನ್ನೆ ಫೋನಿನಲ್ಲಿ ಕೇಳಿದೆ. ಪ್ರತಿ ಕ್ಯಾಸೆಟ್ಟಿನ ಬೆನ್ನಿಗೂ ಅಂಟುಪಟ್ಟಿ ಹಚ್ಚಿ ಸಂಖ್ಯೆ ಬರೆದಿದ್ದಾರೆ. ಗೆರೆ ಹಾಕಿದ ಇನ್ನೂರು ಪುಟದ ನೋಟ್‌ಪುಸ್ತಕವೊಂದಿದೆ. ಸಂಖ್ಯೆ, ತಾರೀಕು, ಎಲ್ಲಿ ತುಂಬಿಸಿದ್ದು, ಯಾವ ಬದಿಯಲ್ಲಿ ಏನು, ಎಲ್ಲ ಅದರಲ್ಲಿದೆ. ನಾನು ಚಿಕ್ಕವನಿದ್ದಾಗ ‘112 ತಾ’ ಎನ್ನುತ್ತಿದ್ದರು, ಓಡಿ ಹೋಗಿ ತಂದುಕೊಡುತ್ತಿದ್ದೆ. ಆ ನೆನಪು ಈಗ ಬಂತು. ಪುಸ್ತಕ ನೋಡದೆಯೇ ಮುಕ್ಕಾಲು ಪಾಲು ಅವರಿಗೆ ಬಾಯಿಪಾಠ.

ಗ್ರಂಥಪಾಲಕಿ:

ಹಾಗಾದರೆ ನಿಮ್ಮ ಸಂಗ್ರಹ ಆಗಲೇ ಜೋಡಣೆಯಾಗಿದೆ. ಪತ್ರಾಗಾರದವರು ಯಾರದಾದರೂ ಕಾಗದಪತ್ರಗಳನ್ನು ತರುವಾಗ ಪಾಲಿಸುವ ಒಂದು ನಿಯಮವಿದೆ. ಇಟ್ಟವರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಅದನ್ನು ಕೆಡಿಸಬಾರದು, ಅದಕ್ಕೆ ಮೂಲ ಕ್ರಮ ಎನ್ನುತ್ತಾರೆ. ವಿಷಯವಾರು ಸೂಚಿ ಬೇಕಿದ್ದರೆ ಪಕ್ಕದಲ್ಲಿ ಬೇರೆ ಮಾಡಿಕೊಳ್ಳಬಹುದು. ಫೋಲ್ಡರುಗಳಿಗೆ ಕ್ಯಾಸೆಟ್ಟಿನ ಸಂಖ್ಯೆಯನ್ನೇ ಕೊಡಿ. 112-1, 112-2 ಎಂದು ಬದಿಗೊಂದು ಫೋಲ್ಡರ್, ಒಳಗೆ ಒಂದೇ ಕಡತ. ಮೊದಲ ತೊಂಬತ್ತೊಂಬತ್ತಕ್ಕೆ 001, 002 ಎಂದು ಸೊನ್ನೆ ಸೇರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳಲ್ಲಿ 1ರ ಪಕ್ಕ 10, ಆಮೇಲೆ 100 ಬಂದು ಕೂರುತ್ತದೆ. ನೋಟ್‌ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದು ಮೂಲಪ್ರತಿಯ ಜೊತೆಗೇ ಇಡಿ.

ರಾಗದ ಹುಡುಕಾಟ ನಿಮಗೆ ಬೇಕು, ಅವರಿಗಲ್ಲ. ಸಾಧನಕೇರಿಯವರು ಹೇಳಿದ ಪಟ್ಟಿಯನ್ನು ಮನೆಯ ಫ್ಲ್ಯಾಕ್‌ಗಳಿಗೆ ನಿಧಾನವಾಗಿ ತುಂಬಿಸುತ್ತಾ ಹೋಗಿ.

ಸಾಧನಕೇರಿ:

ಒಪ್ಪಿದೆ. ಆದರೆ ಆ ಪಟ್ಟಿ ತುಂಬಿಸುವಾಗ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. 1980ರ ದಶಕದ ಊರ ಕಛೇರಿಯಲ್ಲಿ ತಬಲಾ ಯಾರು ನುಡಿಸಿದರೆಂದು ಯಾವ ದತ್ತಸಂಗ್ರಹವೂ ಹೇಳುವುದಿಲ್ಲ.

ಅಕ್ಷರಜೋಡಣೆ:

ಗ್ರಂಥಪಾಲಕಿಯವರ ಒಂದು ಪ್ರಶ್ನೆಯಿಂದ ನನ್ನ ಉದ್ದದ ಉಪನ್ಯಾಸ ಕಸದ ಬುಟ್ಟಿಗೆ ಹೋಯಿತು, ಸಂತೋಷ. ಹೆಸರೆಲ್ಲ ಅಂಕಿಗಳಾದರೆ ಕನ್ನಡ ಮೂಡದ ಪ್ಲೇಯರೂ ಸಾಕು, ಆಯ್ಕೆ ಸಲೀಸಾಯಿತು. ನನ್ನ ಬಳಿ ಸ್ಯಾನ್‌ಡಿಸ್ಕ್‌ನ ಹಳೆಯ ಕ್ಲಿಪ್+ ಒಂದು ಬಿದ್ದಿದೆ. ಬೆಂಕಿಪೊಟ್ಟಣದಷ್ಟು ಗಾತ್ರ, ನಿಜವಾದ ಗುಂಡಿಗಳು, ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಅಕ್ಷರ. ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದ್ದೇನೆ, ಫಾಂಟ್ ದೊಡ್ಡದು ಮಾಡಿದರೆ ಮೂರಂಕಿ ಕನ್ನಡಕವಿಲ್ಲದೆ ಕಾಣುತ್ತದೆ. ಫೋಲ್ಡರ್ ಫೋಲ್ಡರಾಗಿಯೇ ಹೋಗಬಹುದು, ವಿವರಪಟ್ಟಿಯ ಗೋಜಿಲ್ಲ. ಬ್ಯಾಟರಿ ಹಳೆಯದು, ಐದಾರು ಗಂಟೆ ಬಂದರೆ ಹೆಚ್ಚು. ಅಂಚೆಯಲ್ಲಿ ಕಳಿಸುತ್ತೇನೆ, ಹಣ ಬೇಡ.

ಹಳೆಯ_ಟೇಪು:

ಅದರಲ್ಲಿ ಸ್ಪೀಕರ್ ಇಲ್ಲವಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೋಟದಲ್ಲಿ ಓಡಾಡುವುದು ಬೇಡ, ಒಣಗಿದ ಸೋಗೆ ಬೀಳುವ ಸದ್ದು ಕೇಳಬೇಕು. ಆಕ್ಸ್ ತೂತು ಇರುವ ಸಣ್ಣ ಬ್ಯಾಟರಿ ಸ್ಪೀಕರಿಗೆ ವೈರಿನಲ್ಲಿ ಸೇರಿಸಿ, ಎರಡನ್ನೂ ಆ ಹಳೆಯ ಬಟ್ಟೆ ಚೀಲದಲ್ಲೇ ಇಡು.

ತೋಟದ_ಮನೆ (ಐದು ತಿಂಗಳ ನಂತರ):

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 214ರಲ್ಲಿ 197 ಆಯಿತು. ಒಂಬತ್ತು ಕ್ಯಾಸೆಟ್‌ಗಳ ಟೇಪು ತುಂಡಾಗಿ ಅಂಟಿಸಬೇಕಿದೆ, ಎಂಟು ಬೂಷ್ಟಿನವು ಬೇಸಿಗೆಗೆ ಕಾಯುತ್ತಿವೆ. ಸ್ಕ್ರೂ ತಿರುಗಿಸುವ ವಿದ್ಯೆ ಕೈಗೆ ಹತ್ತಿತು. 1987ರ ತಾಳಮದ್ದಲೆಯಲ್ಲಿ ಮಳೆ ಸುರಿಯುವ ಸದ್ದು ಎಂದು ನಾವೆಲ್ಲ ಅಂದುಕೊಂಡಿದ್ದದ್ದು ಮಳೆಯಲ್ಲ, ಹೆಡ್ ವಾಲಿದ್ದರಿಂದ ಮಂಕಾದ ಚಪ್ಪಾಳೆ. ಅಕ್ಷರಜೋಡಣೆಯವರ ಕ್ಲಿಪ್ ಬಂದು ತಲುಪಿದ ದಿನವೇ ಅಪ್ಪಯ್ಯ 112-2 ಹಾಕಿಕೊಂಡು ತೋಟಕ್ಕೆ ಇಳಿದರು. ನಾನು ಏನನ್ನೂ ಹೇಳಿಕೊಡಬೇಕಾಗಲಿಲ್ಲ.

ಒಂದು ದೂರು ಮಾತ್ರ ಇದೆ. ಒಂದು ಬದಿ ಮುಗಿದ ಕೂಡಲೇ ಪ್ಲೇಯರ್ ತಾನಾಗಿಯೇ ಮುಂದಿನ ಫೋಲ್ಡರಿಗೆ ಹೋಗುತ್ತದೆ. ಅದು ಒಳ್ಳೆಯದೇ ಅಲ್ಲವೇ ಎಂದೆ. ಅಲ್ಲವಂತೆ. ಇಷ್ಟು ವರ್ಷ ಕ್ಯಾಸೆಟ್ಟಿನ ಗುಂಡಿ ‘ಟಕ್’ ಎಂದು ಮೇಲೆ ಹಾರಿದಾಗ ಎದ್ದು ಹೋಗಿ ಸ್ಪ್ರಿಂಕ್ಲರನ್ನು ಮುಂದಿನ ಸಾಲಿಗೆ ಸರಿಸುತ್ತಿದ್ದರು, ಬೇಸಿಗೆಯಲ್ಲಿ 90 ನಿಮಿಷದ ಕ್ಯಾಸೆಟ್ ಹಾಕಿದರೆ ಮುಕ್ಕಾಲು ಗಂಟೆಯ ನೀರು. ಈಗ ಹಾಡು ನಿಲ್ಲುವುದೇ ಇಲ್ಲ, ಒಂದೇ ಸಾಲಿಗೆ ಎರಡು ಗಂಟೆ ನೀರು ಹೋಗಿ ಕೆಸರಾಗಿದೆಯಂತೆ.

ಅಕ್ಷರಜೋಡಣೆ:

ಸೆಟ್ಟಿಂಗ್ಸ್‌ನಲ್ಲಿ ನುಡಿಸುವಿಕೆಯ ವಿಭಾಗಕ್ಕೆ ಹೋಗಿ. ತಾನಾಗಿ ಫೋಲ್ಡರ್ ಬದಲಿಸು ಎಂಬುದಕ್ಕೆ ‘ಬೇಡ’ ಎಂದು ಕೊಡಿ. ಪುನರಾವರ್ತನೆಯನ್ನೂ ಬಂದ್ ಮಾಡಿ.

ತೋಟದ_ಮನೆ:

ನಿಂತಿತು. ‘ಟಕ್’ ಎನ್ನುವುದಿಲ್ಲ, ಅಡ್ಡಿಯಿಲ್ಲ ಎಂದರು.